ಸುಕ್ಕು ಯಾರ ಪಾಲಿಗೆ?

ಈ ಚಿತ್ರದ ಬಲಗಡೆ ಅಂಚು ನೋಡಿ. ನಡುವೆ ಹಲ್ಲು ಬಿಟ್ಟು ನಗುತ್ತಿರುವ ಪುಟ್ಟ ಹುಡುಗಿಯನ್ನು ಆಮೇಲೆ ನೋಡೋಣ, ಅವಳನ್ನು ಹೇಗಿದ್ದರೂ ಎಲ್ಲರೂ ನೋಡುತ್ತಾರೆ. ಅಂಚಿನಲ್ಲಿ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ಅಜ್ಜಿ ನಿಂತಿದ್ದಾಳಲ್ಲ, ಅವಳು.

ಇಟಲಿಯ ಕ್ರೆಮೋನಾ ಊರಿನ ಚಿತ್ರಕಾರ್ತಿ ಸೊಫೊನಿಸ್ಬಾ ಅಂಗ್ವಿಸೋಲಾ 1555ರಲ್ಲಿ ಬರೆದ ಚಿತ್ರ ಇದು. ಈಗ ಪೋಲೆಂಡಿನ ಪೊಜ್ನಾನ್ ಮ್ಯೂಸಿಯಂನಲ್ಲಿದೆ. ಅವಳ ತಂಗಿಯರು ಮರದ ಕೆಳಗೆ ಕೂತು ಚೆಸ್ ಆಡುತ್ತಿದ್ದಾರೆ. ಮೈಮೇಲೆ ಜರಿ ಬಟ್ಟೆ, ತಲೆಯಲ್ಲಿ ಮುತ್ತು, ಮೇಜಿನ ಮೇಲೆ ಒಳ್ಳೆ ಜಮಖಾನೆ. ಯಾರಾದರೂ ಚೆಸ್ ಆಡೋಕೆ ಇಷ್ಟು ಸಿಂಗಾರ ಮಾಡ್ಕೋತಾರಾ? ಅಪ್ಪನಿಗೆ ಆರು ಹೆಣ್ಣುಮಕ್ಕಳು, ಮನೆತನ ದೊಡ್ಡದು, ದುಡ್ಡು ಅಷ್ಟಕ್ಕಷ್ಟೇ. ಇದು ಸ್ವಲ್ಪ ಜಾಹೀರಾತೂ ಹೌದು ಅಂತ ನನ್ನ ಗುಮಾನಿ.

ಆದರೆ ವಯಸ್ಸಿನ ವಿಷಯ ಬಂದಾಗ ನೋಡಿ. ತಂಗಿಯರ ಕೆನ್ನೆ ಮೇಲೆ ಒಂದು ಗೆರೆ ಇಲ್ಲ. ಸರಿ, ಚಿಕ್ಕವರು, ಇರಬೇಕಾಗಿಯೂ ಇಲ್ಲ. ಇರೋ ಸುಕ್ಕೆಲ್ಲ ಅಂಚಿನ ಆ ಅಜ್ಜಿಯ, ಅಂದರೆ ಮನೆ ಕೆಲಸದವಳ ಮುಖಕ್ಕೇ ಬಂದಿದೆ. ಒಡವೆ ಇವರಿಗೆ, ವಯಸ್ಸು ಅವಳಿಗೆ. ಚೆಸ್ ಹಲಗೆಯ ಅಂಚಿನಲ್ಲಿ ಲ್ಯಾಟಿನ್‌ನಲ್ಲಿ ಸಹಿ ಇದೆ: ಅಮಿಲ್ಕಾರೆಯ ಮಗಳು, ಕನ್ಯೆ, ತನ್ನ ಮೂವರು ತಂಗಿಯರನ್ನೂ ಒಬ್ಬ ದಾಸಿಯನ್ನೂ ಕಣ್ಣಾರೆ ನೋಡಿ ಬರೆದದ್ದು ಅಂತ. ಅಪ್ಪನ ಹೆಸರಿದೆ, ಮದುವೆಯಾಗಿಲ್ಲ ಅನ್ನೋದೂ ಇದೆ. ದಾಸಿ ಬರೀ ದಾಸಿ.

ಇಟಲಿಯದೇ ಬೊಲೊನ್ಯಾ ಊರಿನ ಇನ್ನೊಬ್ಬ ಚಿತ್ರಕಾರ್ತಿ ಲವೀನಿಯಾ ಫೊಂಟಾನಾ ಕೂಡ ಇದೇ ದಾರಿ ಹಿಡಿದಳು. 1577ರಲ್ಲಿ, ಮದುವೆಗೆ ಮುಂಚೆ, ತನ್ನ ಚಿತ್ರ ತಾನೇ ಬರೆದು ಗಂಡಿನ ಮನೆಯವರಿಗೆ ಕಳಿಸಿದಳು. ಅದರಲ್ಲಿ ಅವಳು ವಾದ್ಯ ನುಡಿಸುತ್ತಿದ್ದಾಳೆ, ಹಿಂದೆ ನೆರಳಲ್ಲಿ ಕೆಲಸದವಳು ಸಂಗೀತದ ಪುಸ್ತಕ ಹಿಡಿದು ನಿಂತಿದ್ದಾಳೆ. ನನಗೆ ಕೆಲಸ ಗೊತ್ತು, ಕೈಗೆ ಆಳೂ ಇದ್ದಾಳೆ ಅಂತ ಹೇಳಿದ ಹಾಗೆ.

ಅಷ್ಟಾದರೂ ಚೆಸ್ ಚಿತ್ರದಲ್ಲಿ ನನಗೆ ಇಷ್ಟವಾಗೋದು ಆ ಅಜ್ಜಿಯೇ. ತಂಗಿಯರ ಮುಖಗಳು ಸುಮ್ನೆ ಹೊಳೆಯುತ್ತವೆ. ಇವಳ ಮುಖವನ್ನು ಮಾತ್ರ ಸೊಫೊನಿಸ್ಬಾ ಬಿಡುವಾಗಿ ಕೂತು ನೋಡಿದ್ದಾಳೆ ಅನ್ನಿಸುತ್ತದೆ. ಒಡವೆ ಇಲ್ಲದವರ ಮುಖದಲ್ಲಿ ನೋಡೋಕೆ ಜಾಸ್ತಿ ಸಿಗುತ್ತದೋ ಏನೋ.

ಈಗ 1624ಕ್ಕೆ ಬನ್ನಿ. ಸ್ಪೇನ್ ಆಸ್ಥಾನ, ಎರಡು ಮದುವೆ, ಎಲ್ಲ ಮುಗಿದು ಸೊಫೊನಿಸ್ಬಾ ಸಿಸಿಲಿ ದ್ವೀಪದ ಪಲೆರ್ಮೊದಲ್ಲಿದ್ದಾಳೆ. ವಯಸ್ಸು ತೊಂಬತ್ತು ದಾಟಿದೆ, ಕಣ್ಣು ಮಂಜು. ಇಪ್ಪತ್ತೈದರ ಹರೆಯದ ಫ್ಲೆಮಿಶ್ ಚಿತ್ರಕಾರ ವ್ಯಾನ್ ಡೈಕ್ ಅವಳ ಚಿತ್ರ ಬರೆಯಲು ಬಂದ. ಆಗ ಅವಳು ಹೇಳಿದ ಮಾತನ್ನು ಅವನು ತನ್ನ ಸ್ಕೆಚ್ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದಾನೆ: ಬೆಳಕು ತುಂಬಾ ಮೇಲಿಂದ ಬೀಳೋದು ಬೇಡಪ್ಪಾ, ಸುಕ್ಕಿನ ನೆರಳು ದೊಡ್ಡದಾಗಿಬಿಡುತ್ತೆ ಅನ್ನೋ ಅರ್ಥದ ಮಾತು.

ಆ ಮಾತು ಆಡುವಾಗ ಅವಳಿಗೆ ಕ್ರೆಮೋನಾದ ಆ ಕೆಲಸದವಳು ನೆನಪಾಗಿದ್ದಳಾ?