ಮೊದಲು ಒಂದೇ ದೀಪ

ಕೇಳುಗರಿಗೆ ನಮಸ್ಕಾರ.

ರಂಗಬೆಳಕಿನ ವಿನ್ಯಾಸವನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಕಲಿಯಲು ಬರುವವರು ಮೊದಲ ದಿನ ಕೇಳುವುದು ತಿರುಗುವ ಮೂವಿಂಗ್ ಹೆಡ್ ದೀಪ, ಹೊಗೆ ಬಿಡುವ ಯಂತ್ರ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಕಣ್ಣಿಗೆ ಝಗಮಗ ಅಂದರೇನೇ ಬೆಳಕು. ಅದು ತಪ್ಪೂ ಅಲ್ಲ. ಕಟ್ಟಕಡೆಯ ಸಾಲಿನವನಿಗೂ ನಾಯಕಿಯ ಮುಖ ಕಾಣಬೇಕಲ್ಲ. ಆದರೂ ಕಲಿಸುವವರು ಆ ಯಂತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಲೇಸು. ಮೊದಲ ವಾರ ಒಂದೇ ದೀಪ, ಒಂದೇ ಮುಖ.

ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಕೋಣೆ ಕತ್ತಲು ಮಾಡಿ, ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲೊಂದು ಬ್ಯಾಟರಿ ಹಿಡಿಯಿರಿ. ನೇರ ಎದುರಿನಿಂದ ಬಿಟ್ಟರೆ ಮೂಗಿನ ನೆರಳೇ ಇಲ್ಲ, ಮುಖ ರೊಟ್ಟಿಯ ಹಾಗೆ ಚಪ್ಪಟೆ. ಗದ್ದದ ಕೆಳಗಿನಿಂದ ಬಿಟ್ಟರೆ ಸಾಧು ಮನುಷ್ಯನೂ ರಾಕ್ಷಸ. ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಈಗ ಬ್ಯಾಟರಿಯನ್ನು 45 ಡಿಗ್ರಿ ಮೇಲಕ್ಕೆ, 45 ಡಿಗ್ರಿ ಪಕ್ಕಕ್ಕೆ ಸರಿಸಿ. ಮೂಗಿನ ನೆರಳು ಓರೆಯಾಗಿ ಬಾಯಿಯ ಮೂಲೆಯತ್ತ ಇಳಿಯುತ್ತದೆ, ಕಣ್ಣಲ್ಲಿ ಹೊಳಪು ಬರುತ್ತದೆ, ಕೆನ್ನೆಗೆ ದುಂಡುತನ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ತಮ್ಮ ಕ್ರಮವನ್ನು ಕಟ್ಟಿದ್ದು ಈ ಕೋನದ ಮೇಲೆಯೇ: ಎಡದಿಂದೊಂದು, ಬಲದಿಂದೊಂದು, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಂಪು ಬಣ್ಣ. ಕಲಿಯುವವರು ಪ್ರತಿ ಸಲವೂ ಎರಡೇ ಮಾತು ಬರೆದುಕೊಳ್ಳಬೇಕು: ಮೂಗಿನ ನೆರಳು ಎಲ್ಲಿ ಬಿತ್ತು, ಕಣ್ಣಲ್ಲಿ ಬೆಳಕು ಇತ್ತೇ.

ಎರಡನೆಯ ವಾರ ಟೇಪು, ಪೆನ್ಸಿಲ್ಲು. ನಟನ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ, ದೀಪ ತೂಗುವ ಪೈಪು 16 ಅಡಿಯಲ್ಲಿದೆ ಅನ್ನಿ. ವ್ಯತ್ಯಾಸ 11 ಅಡಿ. 45 ಡಿಗ್ರಿ ಬೇಕಾದರೆ ದೀಪ ನಟನಿಂದ ಅಡ್ಡಲಾಗಿ 11 ಅಡಿ ದೂರದಲ್ಲೇ ಇರಬೇಕು. ಊರಿನ ಸಮುದಾಯ ಭವನದಲ್ಲಿ ಸ್ಟ್ಯಾಂಡ್ ಏರುವುದೇ 10 ಅಡಿ ಎಂದಾಗ ಲೆಕ್ಕ ಕೆಡುತ್ತದೆ. ಆಗ ದೀಪವನ್ನು ನಟನಿಂದ 5 ಅಡಿಗೆ ತಂದು ನಿಲ್ಲಿಸಬೇಕು, ಅದಾಗದ ಮಾತು. 15 ಅಡಿಗೆ ಹಿಂದೆ ಸರಿಸಿದರೆ ಕೋನ 18 ಡಿಗ್ರಿಗೆ ಇಳಿಯುತ್ತದೆ, ನಟನ ಬೆನ್ನ ಹಿಂದೆ 15 ಅಡಿಗೂ ಉದ್ದದ ನೆರಳು ಚಾಚಿ ಹಿಂದಿನ ಪರದೆಯ ಮೇಲೆ ಅವನ ಜೊತೆಗೇ ಕುಣಿಯುತ್ತದೆ. ಸಾಮಾನ್ಯವಾಗಿ ಇಲ್ಲಿ ಆಗುವ ತಪ್ಪು, ನೆರಳು ಅಳಿಸಲೆಂದು ಪರದೆಗೆ ಇನ್ನಷ್ಟು ದೀಪ ಹಾಕುವುದು. ಪರದೆ ಬೆಳಗಿದಷ್ಟೂ ಮುಖ ಮಂಕಾಗುತ್ತದೆ. ಸ್ಟ್ಯಾಂಡುಗಳನ್ನು ಎರಡೂ ಬದಿಗೆ ಅಗಲಿಸಿ, ನೆರಳು ಪರದೆ ಬಿಟ್ಟು ವಿಂಗಿನೊಳಗೆ, ಅಂದರೆ ರಂಗದ ಪಕ್ಕದ ಮರೆಗೆ, ಬೀಳುವಂತೆ ಮಾಡಬೇಕು; ನಿರ್ದೇಶಕರನ್ನು ಕೇಳಿ ನಟರನ್ನು ಪರದೆಯಿಂದ ಮುಂದಕ್ಕೆ ತರಿಸಬೇಕು.

ಶ್ರೀಕೃಷ್ಣ ಪಾರಿಜಾತದಂಥ ಬಯಲಿನ ಆಟಕ್ಕೆ ಜನ ಮೂರು ಕಡೆ ಕುಳಿತಾಗ ಎರಡು ದೀಪದ ಸೂತ್ರ ನಿಲ್ಲುವುದಿಲ್ಲ. ಒಬ್ಬರಿಗೆ ಎದುರಾದದ್ದು ಇನ್ನೊಬ್ಬರಿಗೆ ಬೆನ್ನು. ನಾಲ್ಕು ಮೂಲೆಗೆ ನಾಲ್ಕು ದೀಪ ಬೇಕು, ಅವು ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಎದುರು ಸಾಲಿನ ಕಣ್ಣಿಗೇ ಹೊಡೆಯುತ್ತವೆ.

ಬಣ್ಣದ ಪಾಠಕ್ಕೆ ಇಳಕಲ್ ಸೀರೆಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಕೆಂಪು ಸೆರಗು, ಅದರಲ್ಲಿ ಬಿಳಿಯ ತೋಪು ತೆನಿ, ಅಂದರೆ ಸೆರಗಿನ ನೇಯ್ಗೆಯ ಚಿತ್ತಾರ. ಹಗ್ಗಕ್ಕೆ ಹರವಿ ಮೊದಲು ಬರಿಯ ಹ್ಯಾಲೋಜನ್ ಬಿಡಿ, ಎಲ್ಲವೂ ಚೆಂದ. ದೀಪದ ಮುಂದೆ ದಟ್ಟ ನೀಲಿಯ ಪಾರದರ್ಶಕ ಹಾಳೆ ಹಾಕಿ: ಸೆರಗು ಕಪ್ಪಾಗುತ್ತದೆ, ತೆನಿ ಮಾತ್ರ ನೀಲಿಯಾಗಿ ಎದ್ದು ನಿಲ್ಲುತ್ತದೆ. ಕೆಂಪು ಬಟ್ಟೆ ಕೆಂಪನ್ನಷ್ಟೇ ತಿರುಗಿ ಕೊಡಬಲ್ಲದು, ನೀಲಿ ಹಾಳೆ ಅದನ್ನು ದಾಟಲು ಬಿಟ್ಟಿಲ್ಲ. ಈಗ ಕೆಂಪು ಹಾಳೆ ಹಾಕಿ. ಬಿಳಿಯೂ ಕೆಂಪು, ಕೆಂಪೂ ಕೆಂಪು, ತೆನಿ ಮಾಯ! ನೇಕಾರರ ಅಷ್ಟು ದಿನದ ಕೈಕೆಲಸ ಒಂದು ಹಾಳೆಗೆ ಅಳಿಸಿಹೋಗುತ್ತದೆ. ಅದಕ್ಕೇ ಬಣ್ಣ ನಿಶ್ಚಯಿಸುವ ಮೊದಲು ಉಡುಪಿನ ತುಂಡು ಬಟ್ಟೆ ಕೇಳಿ ಪಡೆದು ಅದೇ ದೀಪದಡಿ ಹಿಡಿದು ನೋಡಬೇಕು. ಬೆಳದಿಂಗಳಿಗೆ ದಟ್ಟ ನೀಲಿ ಬೇಡ, ಹ್ಯಾಲೋಜನ್ನಿಗೆ ಲೀ ಕಂಪನಿಯ 201 ಸಂಖ್ಯೆಯ ತಿಳಿನೀಲಿ ಹಾಳೆ ಸಾಕು. ದಟ್ಟ ನೀಲಿಯಲ್ಲಿ ನೂರಕ್ಕೆ ಐದು ಪಾಲು ಬೆಳಕೂ ಆಚೆ ಹೋಗುವುದಿಲ್ಲ, ಉಳಿದದ್ದು ಹಾಳೆಯಲ್ಲೇ ಶಾಖವಾಗಿ ನಿಂತು ನಡುಭಾಗ ಬಿಳಿಚಿಕೊಂಡು ಕೊನೆಗೆ ತೂತಾಗುತ್ತದೆ. ಅಂಗಡಿಯ ಬಣ್ಣದ ಜಿಲೆಟಿನ್ ಕಾಗದ ಅಂತೂ ಮೊದಲ ಅಂಕದಲ್ಲೇ ಕರಗುತ್ತದೆ.

ವಿದ್ಯುತ್ತಿನ ಲೆಕ್ಕ ಬಾರದವರಿಗೆ ಏಣಿ ಹತ್ತಲು ಬಿಡಬೇಡಿ. 30 ಅಡಿ ಅಗಲ, 20 ಅಡಿ ಆಳದ ರಂಗವನ್ನು ಹತ್ತತ್ತು ಅಡಿಯ ಆರು ಭಾಗ ಮಾಡಿದರೆ, ಭಾಗಕ್ಕೆರಡು ಮುಂದಿನವು, ಒಂದು ಹಿಂದಿನದು, ಒಟ್ಟು 18 ದೀಪ. ತಲಾ 1000 ವಾಟ್, 230 ವೋಲ್ಟಿಗೆ ಒಂದೊಂದೂ 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಪ್ಲಗ್ಗಿಗೆ ಮೂರೇ ದೀಪ, ನಾಲ್ಕನೆಯದು ಬೇಡ. 18 ದೀಪವನ್ನು ಮೂರು ಫೇಸಿಗೆ ಆರಾರು ಹಂಚಬೇಕು. ನ್ಯೂಟ್ರಲ್ ತಂತಿ ಸಡಿಲವಾಯಿತೋ, ಹಗುರ ಹೊರೆಯ ಫೇಸಿಗೆ 230ರ ಬದಲು 400ರ ಹತ್ತಿರ ವೋಲ್ಟ್ ಏರಿ ಬಲ್ಬುಗಳು ಸಾಲಾಗಿ ಸಿಡಿಯುತ್ತವೆ. 15 ಕೆವಿಎ ಜನರೇಟರ್ ಅಂದರೆ 12 ಕಿಲೋವಾಟ್. ಅದರಲ್ಲೂ ಹತ್ತಕ್ಕೆ ನಿಲ್ಲಿಸುವುದು ಜಾಣತನ.

ಎಲ್‌ಇಡಿ ಬಂದ ಮೇಲೆ ಹೊರೆ ಇಳಿಯಿತು, ಹೊಸ ತಪ್ಪುಗಳು ಹುಟ್ಟಿದವು. ಎಲ್‌ಇಡಿ ದೀಪವನ್ನು ಬೆಳಕು ಏರಿಳಿಸುವ ಡಿಮ್ಮರಿನ ಸಾಕೆಟ್ಟಿಗೆ ಚುಚ್ಚಬಾರದು: ಮಿಣುಕುತ್ತದೆ, ಒಳಗಿನ ಡ್ರೈವರ್ ಸುಡುತ್ತದೆ. ಅದಕ್ಕೆ ನೇರ ಕರೆಂಟು, ಬೆಳಕಿನ ಏರಿಳಿತ ನಿಯಂತ್ರಣ ಬೋರ್ಡಿನ ಆಜ್ಞೆ ಒಯ್ಯುವ ಡಿಎಂಎಕ್ಸ್ ತಂತಿಯಿಂದ. ದೀಪವೊಂದಕ್ಕೆ ಬಣ್ಣ, ಪ್ರಖರತೆ ಮುಂತಾದವನ್ನು ನಡೆಸುವ 8 ಚಾನೆಲ್ ಇದ್ದರೆ, ದೀಪದ ವಿಳಾಸ, ಅಂದರೆ ಅದರ ಮೊದಲ ಚಾನೆಲ್ಲಿನ ಸಂಖ್ಯೆ, 1, 9, 17 ಹೀಗೆ ಹೋಗಬೇಕು. ಎರಡನೆಯದಕ್ಕೆ 8 ಎಂದು ಕೊಟ್ಟರೆ ಮೊದಲನೆಯದರ ಕೊನೆಯ ಚಾನೆಲ್ ಎತ್ತಿದಾಗ ಎರಡನೆಯದೂ ಬೆದರುತ್ತದೆ. ಸಾಲಿನ ಕೊನೆಯ ದೀಪಕ್ಕೆ ಸಂಕೇತ ಮರಳಿ ಚಿಮ್ಮದಂತೆ ತಡೆಯುವ 120 ಓಮ್ ಟರ್ಮಿನೇಟರ್ ಮರೆತರೆ ಕೆಲವು ದೀಪಗಳು ತಾವಾಗಿಯೇ ನಡುಗುತ್ತವೆ. ಹ್ಯಾಲೋಜನ್ ಬಲ್ಬನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಎಣ್ಣೆಯಂಶ ಅಂಟಿದ ಜಾಗ ಅತಿಯಾಗಿ ಕಾದು ಗಾಜು ಉಬ್ಬುತ್ತದೆ. ತೂಗುಹಾಕಿದ ಪ್ರತಿ ದೀಪಕ್ಕೂ ಕ್ಲ್ಯಾಂಪಿನ ಜೊತೆ ಸುರಕ್ಷಾ ಸರಪಳಿ ಇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಕ್ಯೂ ಶೀಟು, ಅಂದರೆ ಯಾವ ಬೆಳಕು ಯಾವಾಗ ಹೇಗೆ ಬದಲಾಗಬೇಕೆಂದು ಬರೆದಿಟ್ಟ ಪಟ್ಟಿ. ಒಂದು ಸಣ್ಣ ಸನ್ನಿವೇಶ ತೆಗೆದುಕೊಳ್ಳಿ: ಮುದುಕಿ ಕಂದೀಲು ಹಿಡಿದು ಬಂದು, ಕಟ್ಟೆಯ ಮೇಲಿಟ್ಟು, ಊದಿ ಆರಿಸುತ್ತಾಳೆ. ಕಂದೀಲಿನೊಳಗಿನ ಬಲ್ಬು ಪ್ರೇಕ್ಷಕರಿಗೆ ಅದು ಉರಿಯುತ್ತಿದೆ ಎಂದು ನಂಬಿಸುವಷ್ಟೇ ಇರಲಿ, ಮುಖ ಬೆಳಗುವ ಕೆಲಸ ಮೇಲಿನ ಬೆಚ್ಚನೆಯ ದೀಪದ್ದು. ಅವಳು ವಿಂಗಿನಿಂದ ಎರಡು ಹೆಜ್ಜೆ ಇಟ್ಟ ಮೇಲೆ ಮೂರು ಸೆಕೆಂಡಿನಲ್ಲಿ ಏರಬೇಕು, ಮೊದಲೇ ಏರಿದರೆ ಬೆಳಕು ಅವಳಿಗಿಂತ ಮುಂಚೆ ಬಂದು ಕುಳಿತಂತೆ. ಊದುವಾಗ ಸೊನ್ನೆ ಸೆಕೆಂಡು. ಉಸಿರಿಗಿಂತ ಮುಂಚೆ ಕತ್ತಲಾದರೆ ಜನ ನಗುತ್ತಾರೆ. ಹ್ಯಾಲೋಜನ್ನಿನ ತಂತಿ ತಣ್ಣಗಾಗಲು ಕ್ಷಣ ಹಿಡಿಯುವುದರಿಂದ ಅದು ಬತ್ತಿಯ ಹಾಗೇ ಕೆಂಪಗೆ ಆರುತ್ತದೆ; ಎಲ್‌ಇಡಿ ಕತ್ತರಿಸಿದಂತೆ ಹೋಗುತ್ತದೆ, ಅದಕ್ಕೆ ಅರ್ಧ ಸೆಕೆಂಡು ಕೊಟ್ಟು ನೋಡಿ. ಕ್ಯೂ ಸಂಖ್ಯೆಗಳನ್ನು 10, 20, 30 ಎಂದು ಬಿಡಿಬಿಡಿಯಾಗಿ ಬರೆಯಿರಿ, ತಾಲೀಮಿನಲ್ಲಿ ನಡುವೆ ಸೇರಿಸುವುದು ಇದ್ದೇ ಇರುತ್ತದೆ.

ಸಾಮಗ್ರಿ ಕಡಿಮೆ ಎಂದು ಗೊಣಗುವವರಿಗೆ ಒಂದು ಮಾತು. ಕೋಲ್ಕತ್ತದ ಬೆಳಕಿನ ವಿನ್ಯಾಸಕ ತಾಪಸ್ ಸೇನ್ 1959ರಲ್ಲಿ, ಕಂಪ್ಯೂಟರ್ ಬೋರ್ಡು ಇಲ್ಲದ ಕಾಲದಲ್ಲಿ, ಅಂಗಾರ್ ನಾಟಕಕ್ಕೆ ಕಲ್ಲಿದ್ದಲ ಗಣಿಯೊಳಗೆ ನೀರು ಏರಿ ಬರುವುದನ್ನು ಬೆಳಕಿನಿಂದ ತೋರಿಸಿದರು.

ತರಬೇತಿಯ ಕೊನೆಗೆ ಪರೀಕ್ಷೆ ಹೀಗಿರಲಿ. ನಾಲ್ಕು ದೀಪ, ಹತ್ತು ನಿಮಿಷದ ದೃಶ್ಯ, ಮೂರು ತಾಸು. ಹೊಂದಿಸಿ, ಕ್ಯೂ ಶೀಟು ಬರೆದು, ಅದನ್ನು ತರಗತಿಯ ಇನ್ನೊಬ್ಬರ ಕೈಗೆ ಕೊಟ್ಟು ಬರೆದವರು ಹೊರಗೆ ಹೋಗಬೇಕು. ಆ ಇನ್ನೊಬ್ಬರು ಬೋರ್ಡಿನ ಮುಂದೆ ಎಲ್ಲಿ ತಡವರಿಸಿದರೋ, ಅಲ್ಲಿ ಅಂಕ ಕಡಿಯುವುದು ಬರೆದವರದು.

ನಮಸ್ಕಾರ.