ಕವಳದ ಬಾಯಲ್ಲಿ ಕಾಣದ ರಕ್ತ

ಕೇಳುಗರಿಗೆ ನಮಸ್ಕಾರ.

ನಮ್ಮ ಶಿವಮೊಗ್ಗ ಸೀಮೆಯಲ್ಲಿ, ರಕ್ತ ಸುರಿಯದಂತೆ ತಡೆಯುವ ಕಣಗಳಾದ ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಡೆಂಗಿಯೋ ಮಂಗನ ಕಾಯಿಲೆಯೋ ನೆನಪಾಗುತ್ತದೆ. ಆದರೆ ಜ್ವರವೇ ಇಲ್ಲದೆ ಪ್ಲೇಟ್‌ಲೆಟ್ ಕುಸಿಯುವ ಕಾಯಿಲೆಯೂ ಇದೆ. ಅದು ಐಟಿಪಿ, ಅಂದರೆ ಇಮ್ಯೂನ್ ಥ್ರಾಂಬೊಸೈಟೊಪೀನಿಯಾ. ಸೋಂಕಿನ ಮೇಲೆ ಬೀಳಬೇಕಾದ ಪ್ರತಿಕಾಯಗಳು ಇಲ್ಲಿ ನಮ್ಮದೇ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದವನ್ನು ಹೊಟ್ಟೆಯ ಎಡಗಡೆಯ ಗುಲ್ಮ (ಸ್ಪ್ಲೀನ್) ಹಿಡಿದು ಮುಗಿಸುತ್ತದೆ. 1950ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಇಂಥ ರೋಗಿಯ ರಕ್ತವನ್ನು ತನಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು. ಧೈರ್ಯವೋ ಹುಚ್ಚೋ, ಪ್ಲೇಟ್‌ಲೆಟ್ ಹಾಳುಮಾಡುವ ವಸ್ತು ರಕ್ತದಲ್ಲೇ ಇದೆ ಅಂತ ತಿಳಿದಿದ್ದು ಹಾಗೆ.

ಒಂದು ಮೈಕ್ರೊಲೀಟರ್ ರಕ್ತದಲ್ಲಿ ಪ್ಲೇಟ್‌ಲೆಟ್‌ನ ಮಾಮೂಲಿ ಲೆಕ್ಕ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ನೆಂಟರು ಫೋನ್ ಮಾಡಿ ಕೇಳುವುದೂ ಅದನ್ನೇ, 'ಈಗೆಷ್ಟಿದೆ?' ಅಂತ. ಆದರೆ 40 ಸಾವಿರ ಇದ್ದೂ ಹಾಯಾಗಿ ತೋಟ ಸುತ್ತುವವರಿದ್ದಾರೆ. ಭಯ ಜಾಸ್ತಿಯಾಗುವುದು 20 ಸಾವಿರಕ್ಕಿಂತ ಕೆಳಗಿಳಿದಾಗ. ಲೆಕ್ಕದ ಜೊತೆಗೆ, ರಕ್ತ ಎಲ್ಲಿ ಸುರಿಯುತ್ತಿದೆ ಅಂತ ನೋಡಬೇಕು.

ಮೊದಲು ಮೊಣಕಾಲ ಕೆಳಗೆ ನೋಡಿ. ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿರುತ್ತವೆ. ತುರಿಸುವುದಿಲ್ಲ, ಗಾಜಿನ ಲೋಟ ಒತ್ತಿದರೂ ಮಾಯವಾಗುವುದಿಲ್ಲ. ಆಮೇಲೆ ಬಾಯಿ. ವಸಡಲ್ಲಿ ರಕ್ತ, ಕೆನ್ನೆಯ ಒಳಗೆ ಕಪ್ಪುಗೆಂಪು ಗುಳ್ಳೆ ಕಂಡರೆ ಚರ್ಮದ ಚುಕ್ಕೆಗಿಂತ ಗಂಭೀರ. ನಮ್ಮ ಕಡೆ ತೊಡಕಿರುವುದು ಇಲ್ಲೇ. ಮೂರು ಹೊತ್ತೂ ಕವಳ ಹಾಕುವ ಬಾಯಲ್ಲಿ ಯಾವುದು ಕವಳದ ಕೆಂಪು, ಯಾವುದು ರಕ್ತ? ಬಾಯಿ ಮುಕ್ಕಳಿಸಿ, ಟಾರ್ಚ್ ಬಿಟ್ಟು ನೋಡಬೇಕು.

ಹೆಂಗಸರು ಮುಟ್ಟಿನ ಸ್ರಾವ ಜಾಸ್ತಿಯಾದರೂ ಬಾಯಿ ಬಿಡುವುದಿಲ್ಲ. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ಅದು ಸುಮ್ನೆ ಸಹಿಸುವ ವಿಷಯವಲ್ಲ, ಅಲ್ವಾ? ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೂ ಅಷ್ಟೇ. ಮಿದುಳಲ್ಲಿ ರಕ್ತಸ್ರಾವ ಅಪರೂಪ. ಆದರೆ ಜೋರು ತಲೆನೋವು, ವಾಂತಿ, ಮಾತು ತೊದಲುವುದು ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತು.

ಆಸ್ಪತ್ರೆಯಲ್ಲಿ 'ಪ್ಲೇಟ್‌ಲೆಟ್ ಏರಿಸಿ' ಅಂತ ಮನೆಯವರು ಹಟ ಹಿಡಿಯುವುದುಂಟು. ಏರಿಸಿದ್ದನ್ನೂ ಆ ಪ್ರತಿಕಾಯಗಳು ಬಿಡುವುದಿಲ್ಲ. ಹಾಗಾಗಿ ಅದು ಪ್ರಾಣಾಪಾಯದ ಹೊತ್ತಿಗೆ ಮಾತ್ರ. ಮೊದಲ ಮದ್ದು ಸ್ಟೀರಾಯ್ಡ್. ತುರ್ತಿದ್ದರೆ ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು.

ಅಡಿಕೆ ಕೊಯ್ಲಿನಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತರುತ್ತೀರಲ್ಲ, ಐಟಿಪಿ ಇದ್ದವರು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. ಇರುವ ನಾಲ್ಕು ಪ್ಲೇಟ್‌ಲೆಟ್‌ಗಳನ್ನೂ ಅವು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ನೋವಿಗೆ ಯಾವುದಾಗುತ್ತದೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಬರೆದುಕೊಡುತ್ತಾರೆ.