ಟಕಹೇ: ಸಿಕ್ಕಿದ ಮೇಲಿನ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಬ್ಬು ತಿನ್ನುವುದರಲ್ಲಿ ಒಂದು ಲೆಕ್ಕ ಇದೆ. ತುದಿ ಸಪ್ಪೆ, ಬುಡ ಸಿಹಿ. ಸಂಕ್ರಾಂತಿ ದಿನ ಮಕ್ಕಳು ಬುಡದ ತುಂಡಿಗೇ ಕಿತ್ತಾಡುವುದು ಅದಕ್ಕೆ. ಈ ಲೆಕ್ಕ ಚೆನ್ನಾಗಿ ಗೊತ್ತಿರುವ ಒಂದು ಹಕ್ಕಿಯನ್ನು ನಾನು ನಾಲ್ಕು ಮಾರು ದೂರದಿಂದ ನೋಡಿದೆ. ಹುಲ್ಲಿನ ಒಂದು ದಂಟನ್ನು ಕೊಕ್ಕಿನಲ್ಲಿ ಹಿಡಿದು ಬುಡದಿಂದ ಎಳೆಯಿತು. ಎಳೆದದ್ದನ್ನು ಒಂದು ಕಾಲಿನ ಬೆರಳುಗಳಲ್ಲಿ, ನಾವು ಮುಷ್ಟಿಯಲ್ಲಿ ಹಿಡಿದ ಹಾಗೆ, ಹಿಡಿದುಕೊಂಡಿತು. ಕೆಳಗಿನ ಎಳೆಯ ಬಿಳಿ ಭಾಗವನ್ನಷ್ಟೇ ಕಡಿದು ತಿಂದು, ಉಳಿದ ಹಸಿರನ್ನು ಬಿಸಾಕಿತು. ಮತ್ತೆ ಇನ್ನೊಂದು ದಂಟು. ನಾವು ನೋಡುತ್ತಾ ನಿಂತಿದ್ದೇವೆ ಎಂಬುದು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ.

ಇದು ನ್ಯೂಜಿಲೆಂಡಿನ ಟಕಹೇ. ಒಂದು ದೊಡ್ಡ ಹುಂಜದಷ್ಟು ಗಾತ್ರ, ಸುಮಾರು ಮೂರು ಕಿಲೋ ತೂಕ. ತಲೆ, ಎದೆ ಎಲ್ಲ ಗಾಢ ನೀಲಿ. ಬೆನ್ನಿನ ಮೇಲೆ ಪಾಚಿಯಂಥ ಹಸಿರು. ಕೊಕ್ಕು ಮಾತ್ರ ಕೆಂಪಗೆ, ದಪ್ಪಗೆ, ಇಕ್ಕಳದ ಹಾಗೆ. ರೆಕ್ಕೆ ಇದೆ, ಆದರೆ ಹಾರಲು ಬರುವುದಿಲ್ಲ.

ಮಗಳು ಆಕ್ಲೆಂಡಿನಲ್ಲಿದ್ದಾಳೆ. ಅಲ್ಲಿಂದ ದೋಣಿಯಲ್ಲಿ ಒಂದೂಕಾಲು ಗಂಟೆ ಹೋದರೆ ಟಿರಿಟಿರಿ ಮಟಂಗಿ ಅಂತ ಒಂದು ದ್ವೀಪ. ದೋಣಿ ಹತ್ತುವ ಮೊದಲು ಚಪ್ಪಲಿಯ ತಳ ಉಜ್ಜಿಸಿದರು, ಚೀಲದ ಮೂಲೆಮೂಲೆ ನೋಡಿಸಿದರು. ಒಂದು ಬೀಜ, ಒಂದು ಇರುವೆ, ಒಂದು ಇಲಿಮರಿ ಕೂಡ ಆಚೆ ದಡ ಸೇರಬಾರದು. ನನ್ನ ಚಿತ್ರಾನ್ನದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯಾ ಅಂತಲೂ ನೋಡಿದರು. ಆಗ ನಗು ಬಂತು. ಯಾಕೆ ಅಂತ ಆಮೇಲೆ ತಿಳಿಯಿತು.

ದೀಪಸ್ತಂಭದ ಹತ್ತಿರ ಆ ಹಕ್ಕಿ ಕಂಡಾಗ ಮಗಳು, "ಅಮ್ಮ, ನೋಡು, ನಮ್ಮ ಕೆರೆ ಜಂಬುಕೋಳಿ!" ಅಂದಳು. ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ. ನಮ್ಮ ಕೆರೆಗಳ ಜೊಂಡಿನಲ್ಲಿ ಬಾಲ ಕುಣಿಸಿಕೊಂಡು ಓಡಾಡುವ ನೇರಳೆ ಜಂಬುಕೋಳಿ ಇದೆಯಲ್ಲ, ಟಕಹೇ ಅದೇ ಕುಲದ್ದು. ಅದರ ಪೂರ್ವಜರು ಯಾವುದೋ ಕಾಲದಲ್ಲಿ ಸಮುದ್ರ ದಾಟಿ ಹಾರಿಕೊಂಡೇ ಅಲ್ಲಿಗೆ ಹೋದವು. ಹೋಗಿ ನೋಡಿದರೆ ಸ್ವರ್ಗ. ಬಾವಲಿ ಬಿಟ್ಟರೆ ನೆಲದ ಮೇಲೆ ಹಾಲುಣಿಸುವ ಪ್ರಾಣಿಯೇ ಇಲ್ಲ. ಬೆಕ್ಕಿಲ್ಲ, ನರಿಯಿಲ್ಲ, ಇಲಿಯೂ ಇಲ್ಲ. ಭಯವೇನಿದ್ದರೂ ಮೇಲಿಂದ ಎರಗುವ ಹದ್ದಿನದು. ಅದಕ್ಕೆ ಹಾರುವುದಕ್ಕಿಂತ ಅಲುಗಾಡದೆ ನಿಂತುಬಿಡುವುದೇ ಒಳ್ಳೆಯ ಉಪಾಯ. ತಲೆಮಾರುಗಳು ಕಳೆದಂತೆ ಮೈ ಬೆಳೆಯಿತು, ರೆಕ್ಕೆ ಸೋತಿತು.

ಆಮೇಲೆ ಮನುಷ್ಯರು ಬಂದರು. ಮೊದಲು ಮಾವೋರಿಗಳು, ಅವರ ಜೊತೆ ನಾಯಿ, ಇಲಿ. ನಂತರ ಯುರೋಪಿನವರು, ಅವರ ಜೊತೆ ಉಳಿದಿದ್ದೆಲ್ಲ.

ಯುರೋಪಿನವರ ಕಣ್ಣಿಗೆ ಟಕಹೇ ಮೊದಲು ಬಿದ್ದದ್ದು ಮೂಳೆಯ ರೂಪದಲ್ಲಿ. 1848ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞರು ಆ ಹಳೇ ಮೂಳೆಗಳಿಗೆ ಹೆಸರಿಟ್ಟರು. ಒಂದೇ ವರ್ಷ, 1849ರಲ್ಲಿ ದಕ್ಷಿಣ ದ್ವೀಪದ ಡಸ್ಕಿ ಸೌಂಡ್ ಹತ್ತಿರ ಸೀಲ್ ಎಂಬ ಕಡಲಪ್ರಾಣಿಯ ಬೇಟೆಗಾರರ ಗುಂಪೊಂದು ಹಿಮದ ಮೇಲೆ ದೊಡ್ಡ ಹೆಜ್ಜೆ ಗುರುತು ನೋಡಿತು. ನಾಯಿಗಳನ್ನು ಬಿಟ್ಟರು. ಹಕ್ಕಿ ಬಹಳ ದೂರ ಓಡಿತು, ಕಿರುಚಿತು, ಒದ್ದಾಡಿತು, ಜೀವಂತ ಸಿಕ್ಕಿತು. ಮೂರು ನಾಲ್ಕು ದಿನ ಹಡಗಿನಲ್ಲಿ ಇಟ್ಟುಕೊಂಡರು. ಆಮೇಲೆ ಸುಟ್ಟು ತಿಂದರು. ರುಚಿ ಬಹಳ ಚೆನ್ನಾಗಿತ್ತು ಅಂದರಂತೆ. ಪುಣ್ಯಕ್ಕೆ ಚರ್ಮ ಉಳಿಸಿದ್ದರು. ಅದು ವಾಲ್ಟರ್ ಮಾಂಟೆಲ್ ಎಂಬುವರ ಕೈ ಸೇರಿತು. ವಿಜ್ಞಾನಕ್ಕೆ ದಕ್ಕಿದ ಮೊದಲ ಇಡೀ ಟಕಹೇ ಹೀಗೆ ಊಟ ಮುಗಿದ ಮೇಲಿನ ಉಳಿಕೆ.

ಅಲ್ಲಿಂದ 1898ರವರೆಗೆ, ಐವತ್ತು ವರ್ಷದಲ್ಲಿ, ಒಟ್ಟು ನಾಲ್ಕೇ ಹಕ್ಕಿ ಸಿಕ್ಕವು. ಕೊನೆಯದು ಟೆ ಆನೌ ಸರೋವರದ ದಡದಲ್ಲಿ, ಅದೂ ನಾಯಿಯ ಬಾಯಿಗೆ. ಅದಾದ ಮೇಲೆ ಸುದ್ದಿಯೇ ಇಲ್ಲ. ಮ್ಯೂಸಿಯಂನಲ್ಲಿ ಹುಲ್ಲು ತುಂಬಿಸಿ ನಿಲ್ಲಿಸಿದರು. ಕಥೆ ಮುಗಿಯಿತು ಅಂದುಕೊಂಡರು.

ಜೆಫ್ರಿ ಆರ್ಬೆಲ್ ಅಂತ ಒಬ್ಬ ಹುಡುಗ. ಅವನಿಗೆ ತಾಯಿ ಈ ಹಕ್ಕಿಯ ಒಂದು ಫೋಟೊ ತೋರಿಸಿ, "ಇದು ಈಗ ಇಲ್ಲ" ಅಂದಿದ್ದರಂತೆ. ಮಕ್ಕಳು ಇಂಥ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ ಅಲ್ವಾ? ಹುಡುಗ ಬೆಳೆದು ಇನ್ವರ್ಕಾರ್ಗಿಲ್ ಊರಿನಲ್ಲಿ ಡಾಕ್ಟರಾದರು. ರಜೆ ಸಿಕ್ಕರೆ ಬೆಟ್ಟ ಅಲೆಯುವ ಚಟ. 1948ರ ಏಪ್ರಿಲ್‌ನಲ್ಲಿ ಟೆ ಆನೌ ಸರೋವರದ ಪಶ್ಚಿಮಕ್ಕೆ, ಮರ್ಚಿಸನ್ ಬೆಟ್ಟಗಳ ನಡುವೆ, ಒಂದು ಪುಟ್ಟ ಕೆರೆಯ ದಡದಲ್ಲಿ ಅವರಿಗೆ ದೊಡ್ಡ ಹೆಜ್ಜೆ ಗುರುತು ಕಂಡಿತು. ಪರಿಚಯವಿಲ್ಲದ ಒಂದು ಕೂಗೂ ಕೇಳಿತು. ಊರಿಗೆ ಬಂದು ಹೇಳಿದರೆ ಯಾರು ನಂಬುತ್ತಾರೆ? ನವೆಂಬರ್ 20ಕ್ಕೆ ಮೂವರು ಸಂಗಡಿಗರ ಜೊತೆ, ಬಲೆ, ಕ್ಯಾಮೆರಾ ಎಲ್ಲ ಹೊತ್ತುಕೊಂಡು ಮತ್ತೆ ಹತ್ತಿದರು. ಹುಲ್ಲಿನ ಪೊದೆಗಳ ನಡುವೆ ಕೆಂಪು ಕೊಕ್ಕು. ಎರಡು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಫೋಟೊ ತೆಗೆದು, ಅಲ್ಲೇ ಬಿಟ್ಟು ಬಂದರು. ಆ ಬಿಟ್ಟು ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಹಿಂದೆ ಸಿಕ್ಕ ನಾಲ್ಕಕ್ಕೂ ಆ ಭಾಗ್ಯ ಇರಲಿಲ್ಲ.

ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಸರ್ಕಾರ ತಡಮಾಡದೆ ಆ ಬೆಟ್ಟಗಳಿಗೆ ಜನ ಹೋಗದಂತೆ ತಡೆ ಹಾಕಿತು. ಎಣಿಸಿ ನೋಡಿದಾಗ ಇನ್ನೂರೈವತ್ತು ಮುನ್ನೂರು ಹಕ್ಕಿ ಇರಬಹುದು ಅನ್ನಿಸಿತು. ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಕಳೆದದ್ದು ಸಿಕ್ಕಿತು, ಮಂಗಳ. ನಾನು ಹೇಳಬೇಕು ಅಂತ ಬಂದದ್ದು ಇಲ್ಲಿಂದ ಮುಂದಿನದನ್ನು.

ಬೇಲಿ ಹಾಕಿದ್ದು ಮನುಷ್ಯರಿಗೆ ಮಾತ್ರ. ಒಳಗೆ ಜಿಂಕೆ ಇತ್ತು. ಶಿಕಾರಿಯ ಮೋಜಿಗೆ ಅಂತ ಯುರೋಪಿನಿಂದ ತಂದು ಬಿಟ್ಟ ಕೆಂಪು ಜಿಂಕೆ, ಹೆಚ್ಚುಕಮ್ಮಿ ನಮ್ಮ ಕಡವೆಯಂಥ ಪ್ರಾಣಿ. ಅದಕ್ಕೂ ಅದೇ ಬೆಟ್ಟದ ಹುಲ್ಲೇ ಬೇಕು. ಟಕಹೇ ಒಂದೊಂದೇ ದಂಟು ಕಿತ್ತು ತಿಂದರೆ ಪೊದೆ ಚಿಗುರುತ್ತದೆ. ಜಿಂಕೆ ಮೇದರೆ ಪೊದೆಯೇ ಸೊರಗುತ್ತದೆ. 1980ರ ದಶಕದ ಆರಂಭಕ್ಕೆ ಹಕ್ಕಿಗಳ ಸಂಖ್ಯೆ ನೂರಿಪ್ಪತ್ತರ ಹತ್ತಿರ ಇಳಿದಿತ್ತು. ಅಂದರೆ ಸಿಕ್ಕಿದ ಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಅರ್ಧಕ್ಕರ್ಧ ಹೋದವು. ಕೊನೆಗೆ ಹೆಲಿಕಾಪ್ಟರ್‌ನಿಂದ ಜಿಂಕೆಗಳನ್ನು ಹೊಡೆದು ಕಡಿಮೆ ಮಾಡಿದರು. ಮಾಂಸ ಮುಟ್ಟದ ಮನೆಯಲ್ಲಿ ಬೆಳೆದ ನನಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಆ ಹುಲ್ಲು ಬಿಟ್ಟು ಈ ಹಕ್ಕಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ.

ಹಾಗಂತ ಅಲ್ಲಿಯವರೆಗೆ ಎಲ್ಲರೂ ಸುಮ್ನೆ ಕೂತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾತುಮೊಟ್ಟೆಗೆ ಕೋಳಿಯನ್ನು ಕಾವು ಕೂರಿಸುತ್ತಾರೆ, ನೋಡಿರಬಹುದು. 1950ರ ದಶಕದ ಕೊನೆಯಲ್ಲಿ ಉತ್ತರ ದ್ವೀಪದ ಎಲ್ವಿನ್ ವೆಲ್ಚ್ ಎಂಬ ರೈತರು ಅದೇ ಜಾಣತನ ಮಾಡಿದರು. ಬ್ಯಾಂಟಮ್ ಅನ್ನುವ ಗಿಡ್ಡ ಜಾತಿಯ ಕೋಳಿಗಳನ್ನು ಸಾಕುತಾಯಿ ಮಾಡಿಕೊಂಡು ಟಕಹೇ ಮರಿಗಳನ್ನು ತಮ್ಮ ಜಮೀನಿನಲ್ಲಿ ಬೆಳೆಸಿದರು. ಮೌಂಟ್ ಬ್ರೂಸ್‌ನ ಹಕ್ಕಿಧಾಮಕ್ಕೆ ಇದೇ ಬುನಾದಿ.

1985ರಲ್ಲಿ ಟೆ ಆನೌ ಊರಿಗೆ ಹತ್ತಿರ, ಬರ್‌ವುಡ್ ಎಂಬಲ್ಲಿ ಸರ್ಕಾರದ್ದೇ ಒಂದು ಸಾಕಣೆ ಕೇಂದ್ರ ಶುರುವಾಯಿತು. ಟಕಹೇ ಇಡುವುದು ಒಂದೋ ಎರಡೋ ಮೊಟ್ಟೆ, ಅಪರೂಪಕ್ಕೆ ಮೂರು. ಬದುಕುವುದು ಹೆಚ್ಚಾಗಿ ಒಂದೇ ಮರಿ. ಹಾಗಾಗಿ ಗೂಡಿನ ಹೆಚ್ಚುವರಿ ಮೊಟ್ಟೆ ತಂದು ಯಂತ್ರದ ಕಾವಿನಲ್ಲಿ ಮರಿ ಮಾಡಿಸಿದರು. ಮರಿ ಮನುಷ್ಯರನ್ನೇ ಅಪ್ಪ ಅಮ್ಮ ಅಂದುಕೊಂಡರೆ ಕಷ್ಟ. ಅದಕ್ಕೆ ಟಕಹೇ ತಲೆಯ ಆಕಾರದ ಕೈಗೊಂಬೆ ಹೊಲಿದರು. ಕೆಂಪು ಕೊಕ್ಕು, ನೀಲಿ ಕತ್ತು. ಗೊಂಬೆಯ ಒಳಗೆ ಕೈ ತೂರಿಸಿ, ಮರೆಯಲ್ಲಿ ಕೂತು, ಕೊಕ್ಕಿನಿಂದ ಗುಟುಕು ಕೊಡುವುದು. ಒಂದು ದಿನ ಎರಡು ದಿನ ಅಲ್ಲ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಗೊಂಬೆಯಾಟ ನಡೆಯಿತು.

ಆಮೇಲೆ ಗೊತ್ತಾಯಿತು. ಗೊಂಬೆಯ ಕೈಲಿ ಬೆಳೆದ ಹಕ್ಕಿಗಳು ಬದುಕಿದವು, ದಷ್ಟಪುಷ್ಟವಾಗಿಯೇ ಇದ್ದವು. ಆದರೆ ತಮ್ಮ ಸರದಿ ಬಂದಾಗ ಮರಿ ಮಾಡಿ ಸಾಕುವುದರಲ್ಲಿ ಹಿಂದೆ ಬಿದ್ದವು. ಮರಿಗಳು ಅಪ್ಪ ಅಮ್ಮನಿಂದ ಕಲಿಯುವುದು ಬಹಳ ಇದೆ. ಯಾವ ಹುಲ್ಲಿನ ಬುಡ ಕೀಳಬೇಕು, ಹಿಮ ಬಿದ್ದಾಗ ಕಾಡಿಗೆ ಇಳಿದು ಯಾವ ಜರಿಗಿಡದ ಗೆಡ್ಡೆ ಕೆದಕಬೇಕು, ಎಲ್ಲ ಮನೆಪಾಠ. 2010ರ ಆಸುಪಾಸಿಗೆ ಗೊಂಬೆಗಳನ್ನು ಕಪಾಟಿಗೆ ಸೇರಿಸಿ, ಮರಿಗಳನ್ನು ಹಕ್ಕಿಗಳ ಜೊತೆಗೇ ಬಿಟ್ಟರು. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ತಪ್ಪು ಅಂತ ಒಪ್ಪಿ ನಿಲ್ಲಿಸುವುದಿದೆಯಲ್ಲ, ಅದು ಎಷ್ಟು ಕಷ್ಟ ಅಂತ ಯಾವ ಆಫೀಸಿನಲ್ಲಿ ಕೆಲಸ ಮಾಡಿದವರನ್ನು ಕೇಳಿದರೂ ಹೇಳುತ್ತಾರೆ.

ಇನ್ನು ಸ್ಟೋಟ್ ಅನ್ನುವ ಪ್ರಾಣಿ. ನೋಡಲು ಮುಂಗುಸಿಯ ಹಾಗೆ, ಇನ್ನೂ ಸಣ್ಣದು, ಬಳುಕು ಮೈ. ಮೊಲ ತಂದು ಬಿಟ್ಟರು, ಮೊಲ ಮಿತಿಮೀರಿತು, ಮೊಲ ತಿನ್ನಲಿ ಅಂತ 1880ರ ದಶಕದಲ್ಲಿ ಸ್ಟೋಟ್ ತಂದು ಬಿಟ್ಟರು. ಹಾರಲಾರದ ಹಕ್ಕಿ ಎದುರಿಗಿದ್ದರೆ ಅದು ಮೊಲದ ಹಿಂದೆ ಯಾಕೆ ಓಡುತ್ತದೆ? ಮಲೆನಾಡಿನಲ್ಲಿ ಬಿದಿರು ಹೂ ಬಿಟ್ಟರೆ ಇಲಿ ಕಾಟ ಅಂತ ಹಿರಿಯರು ಹೇಳುತ್ತಾರಲ್ಲ, ಅಲ್ಲಿನ ಬೀಚ್ ಎಂಬ ಜಾತಿಯ ಮರಗಳದ್ದೂ ಅದೇ ಕಥೆ. ಕೆಲವು ವರ್ಷ ಕಾಡಿಗೆ ಕಾಡೇ ಬೀಜ ಸುರಿಸುತ್ತದೆ. ಬೀಜ ತಿಂದು ಇಲಿ ಹೆಚ್ಚುತ್ತದೆ, ಇಲಿ ತಿಂದು ಸ್ಟೋಟ್ ಹೆಚ್ಚುತ್ತದೆ. ಬೀಜ ಮುಗಿದು ಇಲಿ ಕಡಿಮೆಯಾದಾಗ ಹಸಿದ ಸ್ಟೋಟ್ ಹಕ್ಕಿಗಳ ಕಡೆ ತಿರುಗುತ್ತದೆ. 2007ರಲ್ಲಿ ಹೀಗೇ ಆಗಿ ಮರ್ಚಿಸನ್ ಬೆಟ್ಟದ ಅರ್ಧದಷ್ಟು ಟಕಹೇಗಳು ಸತ್ತವು. ಅಷ್ಟು ಹೊತ್ತಿಗೆ ಅಲ್ಲಿ ಬೋನುಗಳು ಇರಲಿಲ್ಲ ಅಂತಲ್ಲ, ಬೆಟ್ಟದ ಒಂದು ಭಾಗದಲ್ಲಿ ಮಾತ್ರ ಇದ್ದವು. ಆಮೇಲೆ ಬೆಟ್ಟಗಳ ಉದ್ದಗಲಕ್ಕೂ ಮರದ ಪೆಟ್ಟಿಗೆಯ ಬೋನುಗಳನ್ನು ಇಟ್ಟರು. ಅವನ್ನು ಇಟ್ಟು ಮರೆಯುವ ಹಾಗಿಲ್ಲ. ಯಾರಾದರೂ ನಡೆದು ಹೋಗಿ, ಆಮಿಷಕ್ಕಿಟ್ಟ ಹಳೇ ಮೊಟ್ಟೆ ತೆಗೆದು ಹೊಸ ಮೊಟ್ಟೆ ಇಟ್ಟು, ಸ್ಪ್ರಿಂಗ್ ಎಳೆದು ಕೂರಿಸಿ ಬರಬೇಕು. ಮುಂದಿನ ಸಲ ಮತ್ತೆ.

ಇನ್ನೊಂದು ಘಟನೆ ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಆಕ್ಲೆಂಡ್ ಹತ್ತಿರದ ಮೊಟುಟಾಪು ದ್ವೀಪದಲ್ಲಿ ಟಕಹೇಗಳ ಜೊತೆ ಪೂಕೆಕೊಗಳೂ ಇವೆ. ಪೂಕೆಕೊ ಅಂದರೆ ಅಲ್ಲಿನ ಜಂಬುಕೋಳಿ, ಬೇಕಾದಷ್ಟಿದೆ. ಟಕಹೇಗಳಿಗೆ ಕಾಟ ಕೊಡುತ್ತವೆ ಅಂತ 2015ರ ಆಗಸ್ಟ್‌ನಲ್ಲಿ ಅವುಗಳನ್ನು ಕಡಿಮೆ ಮಾಡಲು ಬಂದೂಕಿನವರನ್ನು ಕರೆಸಿದರು. ಹಾರುವ ಹಕ್ಕಿಗೆ ಮಾತ್ರ ಗುಂಡು ಹೊಡೆಯಿರಿ ಅಂತ ಹೇಳಿ ಕಳಿಸಿದ್ದರು. ಯಾಕೆಂದರೆ ಟಕಹೇ ಹಾರುವುದಿಲ್ಲ. ಆದರೂ ನಾಲ್ಕು ಟಕಹೇ ಸತ್ತವು. ಎರಡೂ ನೀಲಿ, ಎರಡಕ್ಕೂ ಕೆಂಪು ಕೊಕ್ಕು. ಆಗ ದೇಶದಲ್ಲಿ ಇದ್ದದ್ದೇ ಮುನ್ನೂರು ಚಿಲ್ಲರೆ. ಸರ್ಕಾರ ಬಹಿರಂಗವಾಗಿ ಕ್ಷಮೆ ಕೇಳಿತು. ನನ್ನ ಮಗಳ ಬಾಯಲ್ಲಿ ಬಂದ "ಜಂಬುಕೋಳಿ" ನೆನಪಾಗಿ ಮೈ ಜುಮ್ಮೆಂದಿತು.

ಟಿರಿಟಿರಿ ದ್ವೀಪದ ಗೈಡ್‌ಗಳು ಸಂಬಳಕ್ಕಲ್ಲ, ಪ್ರೀತಿಗೆ ಕೆಲಸ ಮಾಡುವವರು. ನಮ್ಮ ಜೊತೆ ಬಂದ ಗೈಡ್ ಹೇಳಿದ ಒಂದು ಕಥೆ ಕೇಳಿ. 1991ರಲ್ಲಿ ಆ ದ್ವೀಪಕ್ಕೆ ಮೊದಲು ತಂದು ಬಿಟ್ಟ ಎರಡು ಟಕಹೇಗಳ ಹೆಸರು ಮಿಸ್ಟರ್ ಬ್ಲೂ ಮತ್ತು ಸ್ಟಾರ್ಮಿ. ಎರಡೂ ಗಂಡು. ಸ್ವಲ್ಪ ದಿನಕ್ಕೆ ಎರಡೂ ಸೇರಿ ಗೂಡು ಕಟ್ಟಿದವು. ನೋಡೋಣ ಅಂತ ಬೇರೆ ಕಡೆಯಿಂದ ತಂದ ಮೊಟ್ಟೆಯೊಂದನ್ನು ಅದರಲ್ಲಿ ಇಟ್ಟರು. ಎರಡೂ ಸರದಿಯ ಮೇಲೆ ಕಾವು ಕೊಟ್ಟು, ಮರಿ ಮಾಡಿ, ಸಾಕಿದವು. ಮರಿಗೆ ಮಟಂಗಿ ಅಂತಲೇ ಹೆಸರು. ಗ್ರೆಗ್ ಅಂತ ಇನ್ನೊಂದು ಟಕಹೇ ಇತ್ತಂತೆ, ಬಂದವರ ಬುತ್ತಿಗೆ ಕೈ, ಅಲ್ಲ, ಕೊಕ್ಕು ಹಾಕುವುದೇ ಅದರ ಕಸುಬು. ಡಬ್ಬಿಯ ಮುಚ್ಚಳ ಯಾಕೆ ಬಿಗಿ ಇರಬೇಕು ಅಂತ ಆಗ ಇನ್ನೂ ಚೆನ್ನಾಗಿ ಅರ್ಥವಾಯಿತು.

ಒಂದು ನಾಚಿಕೆಗೇಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹುಲ್ಲಿನ ರಸ ಮಾತ್ರ ಮೈಗೆ ಹತ್ತಿ, ನಾರೆಲ್ಲ ಹಾಗೇ ಆಚೆ ಬರುವುದರಿಂದ, ಒಂದು ಟಕಹೇ ದಿನಕ್ಕೆ ಹಾಕುವ ಹಿಕ್ಕೆಯನ್ನು ಸಾಲಾಗಿ ಜೋಡಿಸಿದರೆ ಏಳೆಂಟು ಮೀಟರ್ ಆಗುತ್ತದೆ. ಕಾಡಿನಲ್ಲಿ ಹಕ್ಕಿ ಎಲ್ಲಿದೆ ಅಂತ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ!

ಈಗ ಲೆಕ್ಕ ಸುಧಾರಿಸಿದೆ. 2018ರಲ್ಲಿ ಕಹುರಂಗಿ ರಾಷ್ಟ್ರೀಯ ಉದ್ಯಾನದಲ್ಲಿ ಹಕ್ಕಿಗಳನ್ನು ಬಿಟ್ಟರು. 2023ರ ಆಗಸ್ಟ್‌ನಲ್ಲಿ ವಕಟಿಪು ಸರೋವರದ ಮೇಲಿನ ಕಣಿವೆಯಲ್ಲಿ ಇನ್ನೂ ಹದಿನೆಂಟು. ಆ ನೆಲ ನೈ ಟಹು ಎಂಬ ಮಾವೋರಿ ಕುಲದ್ದು. ಟಕಹೇ ಅವರಿಗೆ ಹಿರಿಯರಿಂದ ಬಂದ ಒಡವೆ ಇದ್ದ ಹಾಗೆ. ಮರದ ಪೆಟ್ಟಿಗೆಗಳ ಬಾಗಿಲು ತೆರೆದ ಕೂಡಲೇ ಹದಿನೆಂಟೂ ಹುಲ್ಲಿನ ಕಡೆಗೆ ಓಡಿದವು. ಆ ವರ್ಷದ ಹೊತ್ತಿಗೆ ಒಟ್ಟು ಟಕಹೇಗಳು ಸುಮಾರು 500. ನಮ್ಮ ಕಡೆಯ ಒಂದು ಸಾಧಾರಣ ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ.

ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ಜೊಂಡಿನ ಅಂಚಿನಲ್ಲಿ ಒಂದು ಜಂಬುಕೋಳಿ. ದಂಟೊಂದನ್ನು ಕಿತ್ತು, ಕಾಲಿನಲ್ಲಿ ಹಿಡಿದು, ಬುಡ ಕಡಿಯುತ್ತಿತ್ತು. ಅದೇ ಗತ್ತು. ಇನ್ನೂ ಹತ್ತಿರದಿಂದ ನೋಡೋಣ ಅಂತ ಎರಡು ಹೆಜ್ಜೆ ಇಟ್ಟೆ. ಒಂದು ನಾಯಿ ಬೊಗಳಿತು. ಹಕ್ಕಿ ದಂಟು ಬಿಸಾಕಿ, ಉದ್ದನೆಯ ಕೆಂಪು ಕಾಲುಗಳನ್ನು ಜೋತುಬಿಟ್ಟುಕೊಂಡು, ಕೆರೆಯ ಆಚೆ ದಡಕ್ಕೆ ಹಾರಿಹೋಯಿತು.

ನಮಸ್ಕಾರ.